ಎಂಡನ್ ಬಂದುಹೋದ ಊರಿನಲ್ಲಿ

ಊರಿನಿಂದ ನೆಂಟರಿಷ್ಟರು ಬಂದರೆಂದರೆ ಮದರಾಸಿನ ಕನ್ನಡ ಸಂಸಾರಗಳಲ್ಲಿ ಒಂದು ಸಿದ್ಧವಾದ ಕಾರ್ಯಕ್ರಮವುಂಟು. ಬೆಳಿಗ್ಗೆ ಮೈಲಾಪುರದ ಕಪಾಲೀಶ್ವರ, ಅಲ್ಲಿಂದ ತಿರುವಲ್ಲಿಕ್ಕೇಣಿಯ ಪಾರ್ಥಸಾರಥಿ. ಮಧ್ಯಾಹ್ನ ತ್ಯಾಗರಾಯನಗರದ ಸೀರೆ ಅಂಗಡಿಗಳು. ಸಂಜೆ ಮರೀನಾ ಕಡಲ ದಂಡೆ, ಮಕ್ಕಳಿಗೆ ಬಿಸಿ ಸುಂಡಲ್. ಇಷ್ಟಾಗುವ ಹೊತ್ತಿಗೆ ನೆಂಟರ ಕಾಲೂ ಸೋತಿರುತ್ತದೆ, ನಮ್ಮ ಜೇಬೂ ಸೋತಿರುತ್ತದೆ. ಪಟ್ಟಣಕ್ಕೆ 1996ರಿಂದ ಚೆನ್ನೈ ಎಂಬ ಹೆಸರು ಬಂದಿದ್ದರೂ ನಮ್ಮ ಹಿರಿಯರ ಬಾಯಲ್ಲಿ ಅದು ಇಂದಿಗೂ ಮದರಾಸೇ. ಈ ಮದರಾಸಿನಲ್ಲಿ ಯಾವ ನೆಂಟರಿಗೂ ಯಾರೂ ತೋರಿಸದ ಒಂದು ಚಿಕ್ಕ ಕಲ್ಲಿದೆ. ಅದರ ವಿಷಯ ಇಲ್ಲಿ ನಾಲ್ಕು ಮಾತು ಬರೆಯಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆವು.

ಕಲ್ಲು ಇರುವುದು ಹೈಕೋರ್ಟಿನ ಪೂರ್ವ ದಿಕ್ಕಿನ ಗೋಡೆಯಲ್ಲಿ, ಬಂದರಿಗೆ ಮುಖ ಮಾಡಿ. ಹೈಕೋರ್ಟಿನ ಕೆಂಪು ಕಟ್ಟಡವನ್ನು ನೋಡದ ಮದರಾಸಿಗನಿಲ್ಲ. 1892ರಲ್ಲಿ ಮುಗಿದ ಈ ಕಟ್ಟಡದಲ್ಲಿ ಗುಮ್ಮಟದ ಮೇಲೆ ಗುಮ್ಮಟ, ಕಮಾನಿನ ಹಿಂದೆ ಕಮಾನು. ಅದರ ಅತಿ ಎತ್ತರದ ಗೋಪುರದಲ್ಲಿ 1894ರಿಂದ 1977ರವರೆಗೆ ಊರಿನ ದೀಪಸ್ತಂಭವೂ ಇತ್ತು. ಹಗಲು ನ್ಯಾಯ ಹೇಳುತ್ತಿದ್ದ ಮನೆ ರಾತ್ರಿ ಹಡಗುಗಳಿಗೆ ದಾರಿ ಹೇಳುತ್ತಿತ್ತು. ಕನ್ನಡಿಗರಿಗೂ ಈ ಮನೆಗೂ ಹಳೆಯ ನಂಟು. ಬಳ್ಳಾರಿ 1953ರಲ್ಲಿ, ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ 1956ರಲ್ಲಿ ಮೈಸೂರಿಗೆ ಸೇರುವವರೆಗೆ ಅಲ್ಲಿಯ ಅಪೀಲುಗಳೆಲ್ಲ ಬರುತ್ತಿದ್ದುದು ಇಲ್ಲಿಗೇ. ತೋಟದ ಗಡಿಗಾಗಿ, ದತ್ತು ಮಗನ ಹಕ್ಕಿಗಾಗಿ, ದೇವಸ್ಥಾನದ ಮೊಕ್ತೇಸರಿಕೆಗಾಗಿ ನಮ್ಮ ಎಷ್ಟು ಮಂದಿ ಅಜ್ಜಂದಿರು ಕಾಗದದ ಗಂಟು ಹಿಡಿದು ಈ ಮೆಟ್ಟಿಲು ಹತ್ತಿದ್ದರೋ!

ಈಗ ಆ ಕಲ್ಲಿನ ಕಥೆ. 1914ರಲ್ಲಿ ಯೂರೋಪಿನಲ್ಲಿ ಮೊದಲನೆಯ ಮಹಾಯುದ್ಧ ಹೊತ್ತಿಕೊಂಡಿತು. ಯುದ್ಧ ಸಾವಿರಾರು ಮೈಲಿಗಳಾಚೆ ನಡೆಯುತ್ತಿದೆಯೆಂದು ಮದರಾಸಿನ ಜನ ನಿಶ್ಚಿಂತೆಯಿಂದಿದ್ದರು. ಆದರೆ ಎಂಡನ್ ಎಂಬ ಜರ್ಮನ್ ಯುದ್ಧನೌಕೆಯೊಂದು ಸೆಪ್ಟೆಂಬರಿನಲ್ಲಿ ಒಂಟಿಯಾಗಿ ಬಂಗಾಳ ಕೊಲ್ಲಿಯೊಳಗೆ ನುಸುಳಿತು. ಅದರ ಕಪ್ತಾನ ಕಾರ್ಲ್ ಫಾನ್ ಮುಲ್ಲರ್ ಬಹು ಚತುರ. ಮೂರು ಹೊಗೆಕೊಳವೆಯ ತನ್ನ ಹಡಗಿಗೆ ನಾಲ್ಕನೆಯದೊಂದು ಸುಳ್ಳು ಕೊಳವೆ ಕಟ್ಟಿ, ನೋಡಿದವರಿಗೆ ಇಂಗ್ಲಿಷರ ಹಡಗೆಂಬ ಭ್ರಮೆ ಹುಟ್ಟಿಸುತ್ತಿದ್ದನು. ವ್ಯಾಪಾರದ ಹಡಗುಗಳನ್ನು ಹಿಡಿದು ಮುಳುಗಿಸುವುದು ಅವನ ಕೆಲಸ. ಆದರೆ ಮುಳುಗಿಸುವ ಮೊದಲು ಅದರ ಜನರನ್ನೆಲ್ಲ ಇಳಿಸಿಕೊಂಡು, ಮತ್ತೊಂದು ಹಡಗಿನಲ್ಲಿ ದಡಕ್ಕೆ ಕಳುಹಿಸುತ್ತಿದ್ದನು. ಶತ್ರುಗಳ ಪತ್ರಿಕೆಗಳೇ ಅವನನ್ನು ಸಭ್ಯನೆಂದು ಹೊಗಳಿದವು.

ಸೆಪ್ಟೆಂಬರ್ 22, ಮಂಗಳವಾರ. ನವರಾತ್ರಿಯ ದಿನಗಳು. ಬೊಂಬೆ ಕೂರಿಸಿದ ಮನೆಗಳಿಗೆ ಹೋಗಿ, ಅರಿಸಿನ ಕುಂಕುಮ ತೆಗೆದುಕೊಂಡು, ಹೆಂಗಸರು ಮಕ್ಕಳು ಮನೆ ಸೇರುವ ಹೊತ್ತು. ಅಮಾವಾಸ್ಯೆ ಕಳೆದು ಎರಡು ಮೂರು ದಿನಗಳಷ್ಟೇ ಆಗಿದ್ದುದರಿಂದ ಕಡಲ ಮೇಲೆ ಕತ್ತಲೆ. ಊರಿನಲ್ಲಿ ಮಾತ್ರ ದೀಪಗಳು ಎಂದಿನಂತೆ ಉರಿಯುತ್ತಿದ್ದವು. ರಾತ್ರಿ ಸುಮಾರು ಒಂಬತ್ತೂವರೆಗೆ ಎಂಡನ್ ದಡದಿಂದ ಎರಡು ಮೈಲಿಗೂ ಕಡಿಮೆ ದೂರಕ್ಕೆ ಬಂದು ನಿಂತು, ತನ್ನ ಬೆಳಕನ್ನು ಬಂದರಿನತ್ತ ತಿರುಗಿಸಿ ಗುಂಡು ಹಾರಿಸಲಾರಂಭಿಸಿತು. ಅರ್ಧ ಗಂಟೆಯಲ್ಲಿ ನೂರಕ್ಕೂ ಹೆಚ್ಚು ಗುಂಡುಗಳು. ಬರ್ಮಾ ಆಯಿಲ್ ಕಂಪೆನಿಯ ಎಣ್ಣೆಯ ತೊಟ್ಟಿಗಳಿಗೆ ಬೆಂಕಿ ಬಿದ್ದು ಆಕಾಶವೆಲ್ಲ ಕೆಂಪಾಯಿತು. ಕೆಲವು ಗುಂಡುಗಳು ಊರೊಳಗೂ ಬಂದವು; ಒಂದು ಈ ಹೈಕೋರ್ಟಿನ ಗೋಡೆಗೆ ಬಿತ್ತು. ದಡದ ಫಿರಂಗಿಗಳು ಎಚ್ಚೆತ್ತು ಉತ್ತರ ಕೊಟ್ಟವಾದರೂ ಒಂದೂ ಗುರಿ ಮುಟ್ಟಲಿಲ್ಲ. ಎಂಡನ್ ಬಂದಂತೆಯೇ ದೀಪವಾರಿಸಿ ಕತ್ತಲೆಯಲ್ಲಿ ಮಾಯವಾಯಿತು.

ಮರುದಿನದಿಂದ ಮದರಾಸು ಖಾಲಿಯಾಗತೊಡಗಿತು. ಸಾವಿರಾರು ಜನ ಪೆಟ್ಟಿಗೆ, ಪಾತ್ರೆ, ಕೈಕೂಸುಗಳೊಂದಿಗೆ ರೈಲು ನಿಲ್ದಾಣಕ್ಕೆ ನುಗ್ಗಿದರು. ಭಯ ಇಳಿದ ಮೇಲೆ ಉಳಿದದ್ದು ಒಂದು ಮಾತು. ತಮಿಳಿನಲ್ಲಿ ಇಂದಿಗೂ ಘಾಟಿ ಮನುಷ್ಯನನ್ನು, ಯಾರ ಕೈಗೂ ಸಿಗದ ಚಾಲಾಕಿಯನ್ನು 'ಎಮ್ಡನ್' ಎನ್ನುತ್ತಾರೆ. ನಮ್ಮ ಪಕ್ಕದ ಮನೆಯ ಪಾಟಿಯಮ್ಮ ಮೊಮ್ಮಗನನ್ನು ದಿನಕ್ಕೆ ಹತ್ತು ಸಲ ಹಾಗೆ ಬೈಯುತ್ತಾರೆ. ಹಡಗಿನ ಸುದ್ದಿ ಅವರಿಗೆ ನಾವು ಹೇಳಿದ ಮೇಲೆಯೇ ಗೊತ್ತಾದದ್ದು.

ಒಂದು ಶನಿವಾರ ನಾವು ಮನೆಮಂದಿಯೆಲ್ಲ ಆ ಕಲ್ಲನ್ನು ನೋಡಲು ಹೋದೆವು. ಈಗ ಹೈಕೋರ್ಟ್ ಹೆಸರಿನ ಮೆಟ್ರೋ ನಿಲ್ದಾಣವೇ ಇರುವುದರಿಂದ ಹೋಗುವುದು ಸುಲಭ. ಒಳಗೆ ಬಿಡಿಸಿಕೊಳ್ಳುವುದು ಅಷ್ಟು ಸುಲಭವಲ್ಲ. ಪರಿಚಯದ ವಕೀಲರೊಬ್ಬರು ಜೊತೆಗಿದ್ದುದರಿಂದ ಕೆಲಸವಾಯಿತು. ಕರಿಯ ಕೋಟುಗಳ ಓಡಾಟದ ನಡುವೆ, ಯಾರೂ ನಿಂತು ನೋಡದ ಗೋಡೆಯಲ್ಲಿ, ಕೈಯಗಲದ ಬರಹ. ಹಡಗಿನ ಹೆಸರು, ಗುಂಡು ಹಾರಿಸಿದ ಸಂಗತಿ, ತಾರೀಕು. ಇಷ್ಟೇ.

ನಮ್ಮ ಮಗಳಿಗೆ ಒಂಬತ್ತು ವರ್ಷ. ಅಕ್ಷರ ಅಕ್ಷರ ಕೂಡಿಸಿ ಓದಿ ಮುಗಿಸಿ ಕೇಳಿದಳು:

"ಅಪ್ಪಾ, ಹೊಡೆದವರ ಹೆಸರು ಇದೆ. ಪೆಟ್ಟು ತಿಂದವರ ಹೆಸರು ಎಲ್ಲಿ?"

"ಇದು ಗುಂಡು ಬಿದ್ದ ಜಾಗದ ಗುರುತು, ಮಗಳೆ."

"ಯಾರೂ ಸಾಯಲಿಲ್ಲವಾ ಹಾಗಾದರೆ?"

ಸತ್ತಿದ್ದರು. ಆ ರಾತ್ರಿ ಬಂದರಿನಲ್ಲಿ ಛಪ್ರಾ ಎಂಬ ವ್ಯಾಪಾರದ ಹಡಗು ನಿಂತಿತ್ತು. ಬ್ರಿಟಿಷ್ ಇಂಡಿಯಾ ಎಂಬ ಹೆಸರಾಂತ ಹಡಗು ಕಂಪೆನಿಗೆ ಸೇರಿದುದು. ಗುಂಡುಗಳು ಅದಕ್ಕೆ ತಗಲಿದವು. ಆ ರಾತ್ರಿಯ ದಾಳಿಯಲ್ಲಿ ಕಡಿಮೆಯೆಂದರೆ ಐವರು ಸತ್ತರು, ಹಲವರು ಗಾಯಗೊಂಡರು. ಎಣ್ಣೆಯ ತೊಟ್ಟಿಗಳ ಬೆಂಕಿ ಎಲ್ಲ ಪುಸ್ತಕಗಳಲ್ಲೂ ಉರಿಯುತ್ತದೆ. ಈ ಐವರಿಗೆ ಮಾತ್ರ ಅರ್ಧ ಸಾಲು.

ನಾವು ಸರ್ಕಾರಿ ಕಚೇರಿಯ ಗುಮಾಸ್ತರು. ಹೆಸರಿನ ಬೆಲೆ ನಮಗೆ ಬಲ್ಲ ಸಂಗತಿ. ಅರ್ಜಿಯಲ್ಲಿ ತಂದೆಯ ಹೆಸರಿನ ಒಂದಕ್ಷರ ಹೆಚ್ಚು ಕಡಿಮೆಯಾದರೆ ವಿಧವೆಯ ಪಿಂಚಣಿ ತಿಂಗಳುಗಟ್ಟಲೆ ನಿಲ್ಲುವುದನ್ನು ದಿನವೂ ಕಾಣುತ್ತೇವೆ. ಹೆಸರಿದ್ದರೆ ಕಡತ ನಡೆಯುತ್ತದೆ. ಬರಿಯ ಸಂಖ್ಯೆಯಾದರೆ ಕಪಾಟು ಸೇರುತ್ತದೆ. ಕಲ್ಲಿನ ಬರಹಕ್ಕೂ ಇದೇ ನಿಯಮವೆಂದು ಅಂದು ತೋರಿತು.

ಎಂಡನ್‌ನ ಕಥೆಯನ್ನೇ ನೋಡಿ. ಅದೇ ವರ್ಷ ನವೆಂಬರ್ 9ರಂದು ಕೋಕೋಸ್ ದ್ವೀಪಗಳ ಹತ್ತಿರ ಆಸ್ಟ್ರೇಲಿಯಾದ ಸಿಡ್ನಿ ಎಂಬ ಯುದ್ಧನೌಕೆ ಅದನ್ನು ಹೊಡೆದುರುಳಿಸಿತು. ಎಂಡನ್‌ನಲ್ಲಿ 134 ಮಂದಿ ಸತ್ತರು, ಸಿಡ್ನಿಯಲ್ಲಿ ನಾಲ್ವರು. ಗೆದ್ದವರು ಎಂಡನ್‌ನ ಫಿರಂಗಿಯೊಂದನ್ನು ಸಿಡ್ನಿ ಪಟ್ಟಣದ ಹೈಡ್ ಪಾರ್ಕಿನಲ್ಲಿ ಸ್ಮಾರಕವಾಗಿ ನಿಲ್ಲಿಸಿದರು. ಸೋತ ಜರ್ಮನಿಯಾದರೂ ತನ್ನವರನ್ನು ಮರೆಯಲಿಲ್ಲ. ಆ ನಾವಿಕರ ಮನೆತನದವರು ತಮ್ಮ ಹೆಸರಿನ ಮುಂದೆ 'ಎಂಡನ್' ಎಂದು ಸೇರಿಸಿಕೊಳ್ಳಲು ಅಪ್ಪಣೆಯಾಯಿತು. ಅದಕ್ಕೂ ಮುನ್ನ ಅಕ್ಟೋಬರ್ 28ರಂದು ಎಂಡನ್ ಪಿನಾಂಗ್ ಬಂದರಿನಲ್ಲಿ ಮುಳುಗಿಸಿದ ಜೆಮ್‌ಚುಗ್ ಎಂಬ ರಷ್ಯನ್ ಹಡಗಿನ 89 ಮಂದಿಗೆ ಆ ಊರಿನ ಗೋರಿಸ್ಥಾನದಲ್ಲಿ ಸ್ಮಾರಕವಿದೆ. ಗೆದ್ದವರಿಗೆ ಕಲ್ಲು, ಸೋತವರಿಗೆ ಕಲ್ಲು, ಪರದೇಶದಲ್ಲಿ ಸತ್ತ ರಷ್ಯನರಿಗೂ ಕಲ್ಲು. ಆ ಯುದ್ಧದಲ್ಲಿ ಯಾವ ಪಕ್ಷವೂ ಅಲ್ಲದ, ಕೂಲಿಗಾಗಿ ಹಡಗು ಹತ್ತಿದ ನಮ್ಮ ದೇಶದ ನಾವಿಕನ ಪಾಡೇನು?

ಅವನನ್ನು ಲಾಸ್ಕರ್ ಎಂದು ಕರೆಯುತ್ತಿದ್ದರು. ಕೊಂಕಣ, ಕಛ್, ಸಿಲ್ಹೆಟ್, ಚಿತ್ತಗಾಂಗ್ ಮುಂತಾದ ಕಡೆಗಳಿಂದ ಸಾರಂಗನ ಕೈಕೆಳಗೆ ಗುಂಪಾಗಿ ಬಂದು ಬಾಯ್ಲರಿಗೆ ಕಲ್ಲಿದ್ದಲು ತುಂಬುವುದು, ಡೆಕ್ಕು ತೊಳೆಯುವುದು, ಹಗ್ಗ ಎಳೆಯುವುದು ಅವನ ಕೆಲಸ. ಅದೇ ಹಡಗಿನ ಬಿಳಿಯ ನಾವಿಕನಿಗೆ ಸಿಗುತ್ತಿದ್ದುದರ ಒಂದು ಪಾಲಷ್ಟೇ ಅವನ ಸಂಬಳ. ಕಲ್ಕತ್ತೆಯಲ್ಲಿ ಹೂಗ್ಲಿ ನದಿಯ ದಡದಲ್ಲಿ 1924ರಲ್ಲಿ ಲಾಸ್ಕರರಿಗಾಗಿ ಎತ್ತರವಾದ ಸ್ಮಾರಕವೊಂದನ್ನು ತೆರೆದರು. ಮೊದಲನೆಯ ಯುದ್ಧದಲ್ಲಿ ಸತ್ತ 896 ನಾವಿಕರ ನೆನಪಿಗೆ ಎಂದು ಅದರ ಮೇಲಿದೆ. ಎಂಟುನೂರ ತೊಂಬತ್ತಾರು! ಲೆಕ್ಕ ಬಲು ಖಚಿತ. ಎರಡನೆಯ ಯುದ್ಧದಲ್ಲಿ ಕಡಲು ಪಾಲಾದ ಆರು ಸಾವಿರಕ್ಕೂ ಹೆಚ್ಚು ಭಾರತೀಯ ನಾವಿಕರ ಹೆಸರುಗಳನ್ನು ಪುಸ್ತಕವೊಂದರಲ್ಲಿ ಬರೆದು, ಒಂದು ಪ್ರತಿಯನ್ನು ಮುಂಬಯಿಯಲ್ಲಿ, ಇನ್ನೊಂದನ್ನು ಚಿತ್ತಗಾಂಗಿನಲ್ಲಿ ಇರಿಸಿದ್ದಾರೆ. ಇದು ಮೊದಲಿಗಿಂತ ಎಷ್ಟೋ ಮೇಲು. ಆದರೂ ದಾರಿಹೋಕನ ಕಣ್ಣಿಗೆ ಬೀಳುವುದು ಕಲ್ಲು. ಪುಸ್ತಕವನ್ನು ಹುಡುಕಿ ಹೋದವನೇ ಓದಬೇಕು.

ಎಲ್ಲರ ಹೆಸರನ್ನೂ ಒಂದೇ ಸಮನಾಗಿ ಬರೆಯುವುದು ಅಸಾಧ್ಯವೇನಲ್ಲ. ಅದನ್ನು ಕಾಣಬೇಕೆಂದರೆ ಮೌಂಟ್–ಪೂನಮಲ್ಲಿ ರಸ್ತೆಯಲ್ಲಿ ನಂದಂಬಾಕ್ಕಂನಲ್ಲಿರುವ ಯುದ್ಧ ಸ್ಮಶಾನಕ್ಕೆ ಹೋಗಬೇಕು. ಮುಂದಿನ ಭಾನುವಾರ ನಾವು ಅಲ್ಲಿಗೇ ಹೋದೆವು. ಹೊರಗೆ ಲಾರಿ ಬಸ್ಸುಗಳ ಗದ್ದಲ. ಗೇಟು ದಾಟಿದರೆ ಹಸುರು ಹುಲ್ಲು, ಸಾಲುಸಾಲು ಕಲ್ಲುಗಳು. ಎರಡನೆಯ ಯುದ್ಧದ ಎಂಟುನೂರ ಐವತ್ತಕ್ಕೂ ಹೆಚ್ಚು ಸಮಾಧಿಗಳು ಇಲ್ಲಿವೆ. ಅಧಿಕಾರಿಯಾಗಲಿ ಸಿಪಾಯಿಯಾಗಲಿ ಕಲ್ಲಿನ ಅಳತೆ ಒಂದೇ. ಹಿಂಭಾಗದಲ್ಲಿ ಮೊದಲನೆಯ ಯುದ್ಧದ ಸ್ಮಾರಕ. ದೇಶದ ಬೇರೆ ಬೇರೆ ಸ್ಮಶಾನಗಳಲ್ಲಿ ಮಣ್ಣಾದ, ಸಮಾಧಿಗಳನ್ನು ಕಾಪಾಡಲಾಗದ ಸಾವಿರಕ್ಕೂ ಹೆಚ್ಚು ಯೋಧರ ಹೆಸರುಗಳು ಅಲ್ಲಿ ಕೆತ್ತಲ್ಪಟ್ಟಿವೆ. ಅಂದರೆ, ಗೋರಿ ಇಲ್ಲದಿದ್ದರೂ ಹೆಸರಿಗೆ ಜಾಗ ಕೊಡಬಹುದೆಂಬುದು ಅಂದಿನವರಿಗೆ ತಿಳಿದೇ ಇತ್ತು. ಕೆಲವರಿಗೆ ಕೊಟ್ಟರು, ಕೆಲವರಿಗೆ ಕೊಡಲಿಲ್ಲ. ಇದನ್ನು ನಾವು ಹೇಳುತ್ತಿರುವುದಲ್ಲ. ಈ ಸ್ಮಶಾನಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗವೇ 2021ರ ಏಪ್ರಿಲಿನಲ್ಲಿ ವರದಿಯೊಂದನ್ನು ಪ್ರಕಟಿಸಿ, ಆಫ್ರಿಕ ಏಷ್ಯಗಳ ಸತ್ತವರನ್ನು ಬಿಳಿಯರಿಗೆ ಸಮನಾಗಿ ಸ್ಮರಿಸಲಿಲ್ಲವೆಂದೂ, ಕಡಿಮೆಯೆಂದರೆ 1,16,000 ಮಂದಿಯ ಹೆಸರುಗಳು ಎಲ್ಲಿಯೂ ಇಲ್ಲವೆಂದೂ ಒಪ್ಪಿ ಕ್ಷಮೆ ಕೇಳಿತು.

ನಮ್ಮ ಮೈಸೂರಿನ ಸವಾರರ ಅದೃಷ್ಟ ಮೇಲಾಗಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆಲ್ಲುವಲ್ಲಿ ಜೋಧಪುರದವರೊಂದಿಗೆ ಕುದುರೆ ಓಡಿಸಿದ ಮೈಸೂರು ಲ್ಯಾನ್ಸರ್ಸ್ ಪಡೆಗೆ ಬೆಂಗಳೂರಿನ ಜೆ. ಸಿ. ನಗರದಲ್ಲಿ ಸ್ಮಾರಕವುಂಟು, ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ನಮ್ಮದು. ಅವರಿಗೆ ಹೇಳಿಕೊಳ್ಳಲು ಒಬ್ಬ ಮಹಾರಾಜರಿದ್ದರು, ಒಂದು ರೆಜಿಮೆಂಟಿತ್ತು, ಒಂದು ನಾಡಿತ್ತು. ಬಂದರಿನಲ್ಲಿ ಸತ್ತ ಹಡಗಿನ ಕೂಲಿಗೆ ಇವು ಮೂರೂ ಇರಲಿಲ್ಲ. ಹುಟ್ಟಿದ ಊರಿನವರಿಗೆ ಅವನು ಹೊರಟುಹೋದವನು. ಸತ್ತ ಊರಿನವರಿಗೆ ಎಲ್ಲಿಂದಲೋ ಬಂದವನು. ಎರಡೂರ ನಡುವೆ ಪ್ರಾಣ ಬಿಟ್ಟವನ ಹೆಸರನ್ನು ಎರಡೂರಿನವರೂ ಬರೆದುಕೊಳ್ಳಲಿಲ್ಲ.

ಹಾಗಾದರೆ ಬರೆಯಬೇಕಾದವರು ಯಾರು? ಇದಕ್ಕೆ ಮುಂಬಯಿಯಲ್ಲಿ ಈಚೆಗೆ ಒಂದು ಉತ್ತರ ಸಿಕ್ಕಿದೆ. ಛಪ್ರಾವಿನ ಒಡೆಯರೇ ಆಗಿದ್ದ ಕಂಪೆನಿಯ ಇನ್ನೊಂದು ಹಡಗು ತಿಲಾವಾ. 1942ರ ನವೆಂಬರ್ 20ರಂದು ಅದು ಮುಂಬಯಿಯಿಂದ ಆಫ್ರಿಕಕ್ಕೆ ಹೊರಟಿತು. ಹಡಗಿನಲ್ಲಿ 732 ಪ್ರಯಾಣಿಕರು, 222 ನಾವಿಕರು, ನಾಲ್ವರು ಫಿರಂಗಿಯವರು, ಒಟ್ಟು 958 ಜನ. ಪ್ರಯಾಣಿಕರಲ್ಲಿ ಹೆಚ್ಚಿನವರು ನಮ್ಮ ನಿಮ್ಮಂಥವರೇ: ಅಲ್ಲಿ ಅಂಗಡಿಯಿಟ್ಟವರು, ಕೆಲಸಕ್ಕಿದ್ದವರು, ಗಂಡನ ಬಳಿಗೆ ಹೊರಟ ಹೆಂಗಸರು, ತೊಡೆಯ ಮೇಲಿನ ಮಕ್ಕಳು. 23ರ ನಸುಕಿನಲ್ಲಿ ಜಪಾನಿನ ಜಲಾಂತರ್ಗಾಮಿಯೊಂದು ಹಡಗಿಗೆ ಟಾರ್ಪೆಡೊ ಹೊಡೆಯಿತು. ಜನ ದೋಣಿಗಳಿಗೆ ಇಳಿಯುತ್ತಿದ್ದಂತೆ ಎರಡನೆಯದು ಬಂದಿತು. 280 ಮಂದಿ ಸತ್ತರು. ಉಳಿದವರು ಎರಡು ದಿನ ದೋಣಿ ಹಲಗೆಗಳನ್ನು ಹಿಡಿದು ತೇಲಿ, ಇಂಗ್ಲಿಷರ ಯುದ್ಧನೌಕೆ ಬರ್ಮಿಂಗ್‌ಹ್ಯಾಮ್ ಕೈಗೆ ಸಿಕ್ಕಿ, 27ರಂದು ಮುಂಬಯಿಗೇ ಮರಳಿದರು.

ಅದೇ ಹಡಗಿನಲ್ಲಿ ದಕ್ಷಿಣ ಆಫ್ರಿಕದ ನಾಣ್ಯಗಳಿಗೆಂದು ಒಯ್ಯುತ್ತಿದ್ದ 2,364 ಬೆಳ್ಳಿಯ ಗಟ್ಟಿಗಳೂ ಇದ್ದವು. 2017ರಲ್ಲಿ ಕಂಪೆನಿಯೊಂದು ಎರಡೂವರೆ ಕಿಲೋಮೀಟರು ಆಳದಿಂದ ಆ ಬೆಳ್ಳಿಯನ್ನು ಮೇಲೆತ್ತಿತು. ಅದು ಯಾರದೆಂಬ ವ್ಯಾಜ್ಯ ಇಂಗ್ಲೆಂಡಿನ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 2024ರಲ್ಲಿ ತೀರ್ಮಾನವಾಯಿತು. ಪ್ರತಿಯೊಂದು ಗಟ್ಟಿಯನ್ನೂ ಎಣಿಸಿಟ್ಟಿದ್ದರು. ಸತ್ತವರಿಗಾಗಿ ಎಲ್ಲರೂ ಸೇರಿ ಒಂದು ಸ್ಮರಣ ಸಭೆ ನಡೆಸಿದ್ದು 2022ರ ನವೆಂಬರ್ 23ರಂದು, ಮುಂಬಯಿಯಲ್ಲಿ, ಎಂಬತ್ತು ವರ್ಷಗಳ ಮೇಲೆ! ಅದನ್ನು ನಡೆಸಿದವರು ಸರ್ಕಾರದವರಲ್ಲ, ಹಡಗಿನ ಕಂಪೆನಿಯವರೂ ಅಲ್ಲ. ಸತ್ತವರ ಮತ್ತು ಉಳಿದವರ ಮಕ್ಕಳು ಮೊಮ್ಮಕ್ಕಳು ಬೇರೆ ಬೇರೆ ದೇಶಗಳಿಂದ ಪತ್ರ ಬರೆದು, ಒಬ್ಬರನ್ನೊಬ್ಬರು ಹುಡುಕಿ ಒಂದೆಡೆ ಸೇರಿದರು. ಪರಸ್ಥಳದಲ್ಲಿ ಬಾಳುವವರೇ ಪರಸ್ಥಳದ ದಾರಿಯಲ್ಲಿ ಸತ್ತವರನ್ನು ನೆನೆದರು. ಇನ್ನಾರು ನೆನೆದಾರು?

ಈ ಮಾತು ನಮ್ಮ ಸಂಘದ ಬಂಧುಗಳಿಗೆ ಒಪ್ಪಿಗೆಯಾಗುವುದೆಂದು ನಂಬಿದ್ದೇವೆ. ನಾವೆಲ್ಲರೂ ಎರಡೂರಿನವರು. ಪಡಿತರದ ಚೀಟಿ ಇಲ್ಲಿಯದು, ಮನೆದೇವರು ಅಲ್ಲಿಯದು. ಹೋಟೆಲಿನ ಕೆಲಸಕ್ಕೆಂದು ಉಡುಪಿ ಕುಂದಾಪುರಗಳಿಂದ ಚಿಕ್ಕಂದಿನಲ್ಲೇ ಬಂದು, ಇಲ್ಲಿಯೇ ಕಣ್ಣು ಮುಚ್ಚಿದವರು ಎಷ್ಟು ಮಂದಿ! ಊರಿನಲ್ಲಿ ಅವರ ಕೋಣೆಯನ್ನು ಇನ್ನೊಬ್ಬರು ಉಪಯೋಗಿಸುತ್ತಿದ್ದಾರೆ. ಇಲ್ಲಿ ಅವರ ಜಾಗದಲ್ಲಿ ಇನ್ನೊಬ್ಬ ಹುಡುಗ ದೋಸೆ ಹೊಯ್ಯುತ್ತಿದ್ದಾನೆ. ಯುದ್ಧವಿಲ್ಲದೆ, ಗುಂಡಿಲ್ಲದೆ, ಹೆಸರು ಅಳಿಸಿಹೋಗುವುದು ಹೀಗೆಯೇ.

ಆದ್ದರಿಂದ ಎರಡು ಸಣ್ಣ ಸೂಚನೆಗಳನ್ನು ವಾಚಕರ ಮುಂದಿಡುತ್ತೇವೆ. ಮೊದಲನೆಯದು, ಹೈಕೋರ್ಟಿನ ಆ ಕಲ್ಲಿನ ಬಳಿ, ಇಲ್ಲವೆ ಬಂದರಿನ ಬಳಿ, 1914ರ ಸೆಪ್ಟೆಂಬರ್ 22ರ ರಾತ್ರಿ ಸತ್ತವರಿಗಾಗಿ ಇನ್ನೊಂದು ಕಲ್ಲು ಬೇಕು. ದೊಡ್ಡದಾಗಬೇಕಿಲ್ಲ. ಹಡಗಿನ ಹಳೆಯ ದಾಖಲೆಗಳನ್ನು ತೆಗೆದು, ಸಿಕ್ಕಷ್ಟು ಹೆಸರುಗಳನ್ನು, ಬಿಳಿಯನೆಂದಾಗಲಿ ಕರಿಯನೆಂದಾಗಲಿ ಎಣಿಸದೆ, ಒಂದೇ ಅಳತೆಯ ಅಕ್ಷರದಲ್ಲಿ ಬರೆದರೆ ಸಾಕು. ಇದಕ್ಕೆ ಈ ಊರಿನ ಎಲ್ಲ ಭಾಷೆಯವರ ಸಂಘಗಳೂ ಕೂಡಿ ಒಂದು ಮನವಿ ಕಳುಹಿಸಬಹುದು. ಮನವಿ ಬರೆಯುವ ಕೆಲಸ ನಮ್ಮದಿರಲಿ. ಅದು ನಮಗೆ ಅಭ್ಯಾಸವಾದ ವಿದ್ಯೆ.

ಎರಡನೆಯದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ನಮ್ಮ ಸಂಘದಲ್ಲಿ ಒಂದು ದಪ್ಪ ರಟ್ಟಿನ ಪುಸ್ತಕವನ್ನಿಟ್ಟು, ಈ ಊರಿಗೆ ಬಂದು ಇಲ್ಲಿಯೇ ತೀರಿಕೊಂಡ ಕನ್ನಡಿಗರ ಹೆಸರು, ತಂದೆತಾಯಿಯರ ಹೆಸರು, ಹುಟ್ಟಿದ ಊರು, ಬಂದ ವರ್ಷ, ಮಾಡಿದ ಕೆಲಸ, ಇಷ್ಟನ್ನು ಬರೆದಿಡೋಣ. ಜಡ್ಜಿಯೂ ಅಲ್ಲಿರಲಿ, ಎಲೆ ಎತ್ತುವವನೂ ಅಲ್ಲಿರಲಿ, ಒಬ್ಬೊಬ್ಬರಿಗೆ ಒಂದೊಂದೇ ಸಾಲು. ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳದಿದ್ದರೆ ಮುಂದೆ ಹೇಳುವವರಿರುವುದಿಲ್ಲ. ಬರುವ ನವರಾತ್ರಿಯಲ್ಲಿ ಬೊಂಬೆ ನೋಡಲು ಮನೆಮನೆಗೆ ಹೋಗುವ ನಮ್ಮ ಹೆಣ್ಣುಮಕ್ಕಳು ಕೈಯಲ್ಲೊಂದು ನೋಟುಪುಸ್ತಕ ಹಿಡಿದು ಹೋದರೆ ಅರ್ಧ ಕೆಲಸ ಒಂಬತ್ತು ದಿನಗಳಲ್ಲೇ ಮುಗಿದೀತು.